ಸೆಲ್ಫ್ ಹೊಡೆಯುತ್ತೆ, ಗಾಡಿ ಸ್ಟಾರ್ಟ್ ಆಗಲ್ಲ

ಟೊಮೆಟೊ ಕ್ರೇಟು ತುಂಬಿಕೊಂಡು ಹರಾಜಿನ ಹೊತ್ತಿಗೆ ಕೋಲಾರದ ಎಪಿಎಂಸಿ ಸೇರಬೇಕಾದ ಹಳೇ ಡೀಸೆಲ್ ಪಿಕಪ್ಪು ಬೆಳಗಿನ ಜಾವ ಹಟ ಹಿಡಿದರೆ ಮಾಲೀಕ ಫೋನಿನಲ್ಲಿ ಹೇಳುವುದು ಒಂದೇ ಮಾತು: ‘ಸೆಲ್ಫ್ ಚೆನ್ನಾಗಿ ಹೊಡೀತಿದೆ ಅಣ್ಣ, ಗಾಡಿ ಸ್ಟಾರ್ಟ್ ಆಗ್ತಿಲ್ಲ.’ ಪಳಗಿದ ಡೀಸೆಲ್ ಮೆಕ್ಯಾನಿಕ್‌ಗೆ ಅಷ್ಟು ಸಾಕು. ಬ್ಯಾಟರಿ, ಸ್ಟಾರ್ಟರ್ ಮೋಟಾರ್ ಬಹುಮಟ್ಟಿಗೆ ಲೆಕ್ಕದಿಂದ ಹೊರಗೆ ಹೋದವು. ಅವನು ಮತ್ತೆ ಕೇಳುವುದು, ‘ಹೊಗೆ ಬರ್ತಿದ್ಯಾ?’

ಈ ಪ್ರಶ್ನೆಯಲ್ಲೇ ಅವನ ವಿದ್ಯೆಯೆಲ್ಲ ಇದೆ. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಪಿಸ್ಟನ್ ಗಾಳಿಯನ್ನು ಹೆಚ್ಚುಕಡಿಮೆ ಇಪ್ಪತ್ತನೇ ಒಂದು ಪಾಲಿಗೆ ಅದುಮಿದಾಗ ಹುಟ್ಟುವ 500 ಡಿಗ್ರಿಗೂ ಮೀರಿದ ಶಾಖಕ್ಕೆ ಡೀಸೆಲ್ ತಾನಾಗಿ ಹೊತ್ತಿಕೊಳ್ಳಬೇಕು. ಸೆಲ್ಫ್ ಹೊಡೆಯುವಾಗ ಸೈಲೆನ್ಸರಿನಿಂದ ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋಗಿದೆ, ಉರಿದಿಲ್ಲ. ಆಗ ಹೀಟರ್ ಪ್ಲಗ್, ಕಂಪ್ರೆಶನ್, ಟೈಮಿಂಗ್ ಕಡೆ ನೋಡಬೇಕು. ಹೊಗೆಯೇ ಇಲ್ಲವೆಂದರೆ ಡೀಸೆಲ್ಲೇ ತಲುಪುತ್ತಿಲ್ಲ. ಹಳೇ ಗಾಡಿಗಳಲ್ಲಿ ಹೆಚ್ಚು ಕಾಡುವುದು ಈ ಎರಡನೆಯದು.

ಮೊದಲು ನೋಡುವುದು ಎಂಜಿನ್ ಆಫ್ ಮಾಡುವ ಸ್ಟಾಪ್ ಕೇಬಲ್. ಅದು ತುಕ್ಕು ಹಿಡಿದು ಪೂರ್ತಿ ಹಿಂದಕ್ಕೆ ಹೋಗದಿದ್ದರೆ ಪಂಪು ಮುಚ್ಚಿಕೊಂಡೇ ಇರುತ್ತದೆ. ಕೇಬಲ್ ಬದಲು ಸೊಲೆನಾಯ್ಡ್ ಇರುವ ಗಾಡಿಯಲ್ಲಿ ಕೀ ತಿರುಗಿಸಿದಾಗ ‘ಟಕ್’ ಅನ್ನಬೇಕು. ಇಷ್ಟು ಸರಿಯಿದ್ದರೆ ಅನುಮಾನ ಏರ್ ಮೇಲೆ.

ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪಿನಲ್ಲಿ ಡೀಸೆಲ್ ಎಳೆತದ ಮೇಲೆ ಬರುತ್ತದೆ. ಅಲ್ಲಿ ರಬ್ಬರ್ ಪೈಪು ಕೂದಲೆಳೆಯಷ್ಟು ಬಿರಿದರೂ ಹೊರಗೆ ಹನಿ ಕಾಣದೆ ಒಳಗೆ ಗಾಳಿ ಸೇರಬಹುದು. ರಾತ್ರಿ ನಿಂತ ಗಾಡಿಯಲ್ಲಿ ಡೀಸೆಲ್ ಟ್ಯಾಂಕಿಗೆ ಇಳಿದುಬಿಡುತ್ತದೆ. ಬೆಳಿಗ್ಗೆ ಸತಾಯಿಸಿದ ಗಾಡಿ ಮಧ್ಯಾಹ್ನ ಒಂದೇ ಸೆಲ್ಫಿಗೆ ಎದ್ದರೆ ಕಾರಣ ಸಾಮಾನ್ಯವಾಗಿ ಇದೇ. ಮೆಕ್ಯಾನಿಕ್ ಫಿಲ್ಟರಿನ ತಲೆಯ ಮೇಲಿನ ಏರ್ ಸ್ಕ್ರೂ ಸಡಿಲಿಸಿ, ಹ್ಯಾಂಡ್ ಪಂಪನ್ನು ಹೆಬ್ಬೆರಳಿನಿಂದ ಒತ್ತತೊಡಗುತ್ತಾನೆ. ಮೊದಲು ಬುಸುಬುಸು ನೊರೆ, ಆಮೇಲೆ ಗುಳ್ಳೆ, ಕೊನೆಗೆ ಗುಳ್ಳೆಯಿಲ್ಲದ ಧಾರೆ. ಸ್ಕ್ರೂ ಬಿಗಿದು, ನಾಜಲ್ ಪೈಪುಗಳ ನಟ್ಟನ್ನು ಅರ್ಧ ಸುತ್ತು ಬಿಟ್ಟು ‘ಹೊಡಿ ಅಣ್ಣ’ ಅನ್ನುತ್ತಾನೆ. ನಟ್ಟಿನ ಬುಡದಲ್ಲಿ ಡೀಸೆಲ್ ಚಿಮ್ಮಿದರೆ ‘ಸಾಕು, ಸಾಕು!’ ಒಂದೊಂದೇ ಬಿಗಿಯುತ್ತ ಬಂದಂತೆ ಎಂಜಿನ್ ಕುಂಟುತ್ತ ಏಳುತ್ತದೆ.

ಗಾಡಿ ಎದ್ದರೂ ಏರ್ ಎಲ್ಲಿಂದ ಬಂತು ಎಂದು ಹುಡುಕದವನನ್ನು ನಾನು ಮೆಕ್ಯಾನಿಕ್ ಅನ್ನಲಾರೆ. ಜಾಣನಾದವನು ಪಂಪಿಗೆ ಹೋಗುವ ದಾರಿಯಲ್ಲಿ ಗೇಣುದ್ದದ ಪಾರದರ್ಶಕ ಪ್ಲಾಸ್ಟಿಕ್ ಪೈಪು ಸೇರಿಸಿ ಗುಳ್ಳೆ ಓಡುವುದನ್ನು ಕಣ್ಣಾರೆ ನೋಡುತ್ತಾನೆ. ಅಥವಾ ಡೀಸೆಲ್ ತುಂಬಿದ ಕ್ಯಾನನ್ನು ಮೇಲೆ ತೂಗುಹಾಕಿ ಫೀಡ್ ಪಂಪಿಗೆ ನೇರ ಪೈಪು ಕೊಡುತ್ತಾನೆ. ಗಾಡಿ ಎದ್ದರೆ ದೋಷ ಹಿಂದೆ, ಟ್ಯಾಂಕು ಅಥವಾ ಪೈಪಿನಲ್ಲಿ. ಎರಡಕ್ಕೂ ಖರ್ಚು ಇಲ್ಲವೆನ್ನುವಷ್ಟು ಕಡಿಮೆ.

ಇಷ್ಟೆಲ್ಲ ಆದಮೇಲೆ ಪಂಪಿನ ಸರದಿ. ಬೆಂಗಳೂರಿಗೂ ಇದಕ್ಕೂ ಹಳೇ ನಂಟು. 1951ರಲ್ಲಿ ಹುಟ್ಟಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಮೈಕೊ, ಆಡುಗೋಡಿಯ ಕಾರ್ಖಾನೆಯಿಂದ ಲಾರಿ, ಟ್ರ್ಯಾಕ್ಟರುಗಳ ಡೀಸೆಲ್ ಪಂಪಿಗೆ ಹೆಸರಾಯಿತು. 2008ರಲ್ಲಿ ಹೆಸರು ಬಾಷ್ ಎಂದಾದರೂ ಹಳಬರ ಬಾಯಲ್ಲಿ ಅದು ಮೈಕೊ ಪಂಪೇ. ಈ ಪಂಪನ್ನು ರಸ್ತೆ ಬದಿಯಲ್ಲಿ ಬಿಚ್ಚುವ ಹಾಗಿಲ್ಲ. ಒಳಗಿನ ಭಾಗಗಳ ಸಂದು ಮೈಕ್ರಾನ್ ಲೆಕ್ಕದ್ದು. ಟೆಸ್ಟ್ ಬೆಂಚ್ ಇರುವ ಪಂಪ್ ಶಾಪಿನಲ್ಲಿ ಪ್ರತಿ ನಾಜಲ್ಲಿಗೆ ಎಷ್ಟು ಡೀಸೆಲ್ ಹೋಗುತ್ತದೆಂದು ಗಾಜಿನ ಕೊಳವೆಗಳಲ್ಲಿ ಅಳೆದೇ ಸರಿಪಡಿಸಬೇಕು.

ಇದೆಲ್ಲ ಹಳೇ ಮೆಕ್ಯಾನಿಕಲ್ ಪಂಪಿನ ಗಾಡಿಗಳ ಮಾತು. ಕಾಮನ್ ರೈಲ್ ಎಂಜಿನ್ನಿನಲ್ಲಿ ಒತ್ತಡ 1,000 ಬಾರ್ ದಾಟುತ್ತದೆ, ಅಲ್ಲಿ ನಟ್ಟು ಸಡಿಲಿಸುವ ಸಾಹಸ ಬೇಡ. ಹಳೇ ಗಾಡಿಯಲ್ಲೂ ಚಿಮ್ಮುವ ನಾಜಲ್ಲಿನ ಎದುರು ಕೈ ಹಿಡಿಯಬಾರದು, ಡೀಸೆಲ್ ಚರ್ಮ ತೂರಿ ಒಳಹೋಗುತ್ತದೆ.

ನಿಮ್ಮ ಪಿಕಪ್ಪು ಹೀಗೆ ಕೈಕೊಟ್ಟರೆ ಬ್ಯಾಟರಿ ಕೂರುವತನಕ ಸೆಲ್ಫ್ ಹೊಡೆಯಬೇಡಿ. ಹತ್ತು ಸೆಕೆಂಡು ಹೊಡೆಸಿ, ಹಿಂದೆ ನಿಂತು ಹೊಗೆ ನೋಡಿ, ಆಮೇಲೆ ಫೋನ್ ಮಾಡಿ. ಬಂದವನು ಬಾನೆಟ್ ಎತ್ತಿದ ಕೂಡಲೇ ‘ಪಂಪು ಹೋಗಿದೆ’ ಎಂದರೆ ಇನ್ನೊಬ್ಬನನ್ನು ಕರೆಸಿ.