ಒಂದೇ ಕಂಪ್ಯೂಟರ್, ಮನೆಮಂದಿಗೆಲ್ಲ ಅವರವರದೇ ಲಾಗಿನ್

ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪು ಬೆಳೆಗಾರರ ಮನೆಯಿರಲಿ, ಕೆ.ಆರ್. ನಗರದ ಭತ್ತದ ರೈತರ ಮನೆಯಿರಲಿ, ಎಚ್.ಡಿ. ಕೋಟೆಯ ಕಾಡಂಚಿನ ಊರಿರಲಿ, ಕಂಪ್ಯೂಟರ್ ಒಂದೇ ಇದ್ದರೆ ಬಳಸುವವರು ನಾಲ್ಕು ಜನ. ಅಪ್ಪನ ಪಹಣಿ, ಅಮ್ಮನ ಸಂಘದ ಲೆಕ್ಕ, ಮಗಳ ಪ್ರಾಜೆಕ್ಟ್, ಎಲ್ಲವೂ ಒಂದೇ ಪರದೆಯಲ್ಲಿ ಕಲಸುಮೇಲೋಗರ!

ಪರಿಹಾರಕ್ಕೆ ಒಂದು ರೂಪಾಯಿಯೂ ಬೇಡ. ಉಚಿತವಾಗಿ ಸಿಗುವ ಉಬುಂಟು ಲಿನಕ್ಸ್‌ನಲ್ಲಿ ಹೀಗೆ ಮಾಡಿ.

ಒಂದು: ಸೆಟ್ಟಿಂಗ್ಸ್‌ನಲ್ಲಿ ಯೂಸರ್ಸ್ ತೆರೆಯಿರಿ. ಹೊಸ ಆವೃತ್ತಿಗಳಲ್ಲಿ ಅದು ಸಿಸ್ಟಮ್ ಒಳಗಿದೆ. ಅನ್‌ಲಾಕ್ ಒತ್ತಿ, ಆ್ಯಡ್ ಯೂಸರ್ ಆರಿಸಿ.

ಎರಡು: ಹೆಸರು, ಪಾಸ್‌ವರ್ಡ್ ಕೊಡಿ. ಮಕ್ಕಳ ಖಾತೆಗೆ ಅಡ್ಮಿನ್ ಅಧಿಕಾರ ಕೊಡಬೇಡಿ.

ಮೂರು: ಲಾಗ್ ಔಟ್ ಆಗಿ, ಹೊಸ ಹೆಸರನ್ನು ಒತ್ತಿ. ಪರದೆಯ ಕೆಳಮೂಲೆಯಲ್ಲಿ ಹಲ್ಲಿನ ಚಕ್ರ ಕಂಡರೆ, ಯಾವ ಬಗೆಯ ಡೆಸ್ಕ್‌ಟಾಪ್ ಬೇಕೆಂದು ಅಲ್ಲೇ ಆರಿಸಬಹುದು.

ನಾಲ್ಕು: ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಕನ್ನಡದ ಕಗಪ ವಿನ್ಯಾಸ ಸೇರಿಸಿ. ನಾಡೋಜ ಕೆ.ಪಿ. ರಾವ್ ಅವರ ವಿನ್ಯಾಸವೇ ಇದರ ಮೂಲ. ವಿಂಡೋಸ್ ಗುರುತಿನ ಕೀಲಿ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿದರೆ ಭಾಷೆ ಬದಲಾಗುತ್ತದೆ.

ಈಗ ಪ್ರತಿಯೊಬ್ಬರಿಗೂ ಅವರದೇ ಕಡತ, ಅವರದೇ ಚಿತ್ರ, ಅವರದೇ ಭಾಷೆ. 2021ರ ಉಬುಂಟು 21.04ರಿಂದೀಚೆಗೆ ಹೊಸ ಖಾತೆಯ ಹೋಮ್ ಫೋಲ್ಡರನ್ನು ಮನೆಯ ಇತರ ಸಾಮಾನ್ಯ ಬಳಕೆದಾರರು ತೆರೆಯಲಾಗದು. ಅಡ್ಮಿನ್ ಮಾತ್ರ ತೆರೆಯಬಲ್ಲರು. ಆದ್ದರಿಂದ ಆ ಪಾಸ್‌ವರ್ಡ್ ಜೋಪಾನ.

ಇವತ್ತು ಸಂಜೆಯೇ ಕೂತು, ಮೊದಲ ಖಾತೆಯನ್ನು ಅಮ್ಮನ ಹೆಸರಿನಲ್ಲಿ ತೆರೆಯಿರಿ.