ಚರ್ಚು ಎಂದರೆ ಕಟ್ಟಡವೋ, ಕೂಟವೋ?

ಮಲ್ಲತ್ತಹಳ್ಳಿ ಎಂದೊಡನೆ ಬೆಂಗಳೂರಿನವರಿಗೆ ನೆನಪಾಗುವುದು ಕಲಾಗ್ರಾಮ, ಕೆರೆ, ಮಗ್ಗುಲಲ್ಲೇ ಹಬ್ಬಿರುವ ಜ್ಞಾನಭಾರತಿ. ಹಳ್ಳಿ ಬಡಾವಣೆಯಾದ ಮೇಲೆ ಇಲ್ಲಿ ಬಂದು ನೆಲೆಸಿದವರು ಹತ್ತಾರು ಊರಿನವರು, ಹಲವು ಮಾತಿನವರು. ಮಂಗಳೂರಿನಿಂದಲೋ ಕೋಲಾರದ ಚಿನ್ನದ ಗಣಿಯ ಕಡೆಯಿಂದಲೋ ಇಂಥ ಬಡಾವಣೆಗೆ ಬರುವ ಕ್ರೈಸ್ತ ಕುಟುಂಬದ ಎದುರು ಮೊದಲು ನಿಲ್ಲುವ ಪ್ರಶ್ನೆಯೊಂದುಂಟು: ಭಾನುವಾರ ಹೋಗಬೇಕಾದ್ದು ಹತ್ತಿರದ ಚರ್ಚಿಗೋ, ತಮ್ಮ ಭಾಷೆಯ ಚರ್ಚಿಗೋ? ಮೇಲ್ನೋಟಕ್ಕೆ ಇದು ಬಸ್ಸಿನ ಅನುಕೂಲದ ಮಾತು. ಕೆದಕಿ ನೋಡಿದರೆ, ಚರ್ಚು ಎಂದರೇನು, ಅದು ಇರುವುದು ಯಾರಿಗಾಗಿ ಎಂಬ ಹಳೆಯ ಜಿಜ್ಞಾಸೆಯೇ ಇಲ್ಲಿದೆ.

ಚರ್ಚಿಗೆ ಕನ್ನಡದಲ್ಲಿ ಒಂದೇ ಹೆಸರಿಲ್ಲ. ಕರಾವಳಿಯ ಇಗರ್ಜಿ ಪೋರ್ಚುಗೀಸರಿಂದ ಬಂದದ್ದು. ಅದರ ಮೂಲ ಗ್ರೀಕಿನ 'ಎಕ್ಲೇಸಿಯಾ', ಅಂದರೆ ಕರೆ ಕೇಳಿ ನೆರೆದ ಜನರ ಕೂಟ. ಇಂಗ್ಲಿಷಿನ 'ಚರ್ಚ್' ಬಂದದ್ದೂ ಗ್ರೀಕಿನಿಂದಲೇ; ಆದರೆ 'ಒಡೆಯನಿಗೆ ಸೇರಿದ್ದು' ಎಂಬ ಬೇರೊಂದು ಮಾತಿನಿಂದ. ಕನ್ನಡ ಕಥೋಲಿಕರು ಕಟ್ಟಡವನ್ನು ದೇವಾಲಯ, ಸಮುದಾಯವನ್ನು ಧರ್ಮಸಭೆ ಎನ್ನುತ್ತಾರೆ. ಪ್ರಾಟೆಸ್ಟೆಂಟರಿಗೆ ಅದು ಬರಿಯ 'ಸಭೆ', ಪಾದ್ರಿ 'ಸಭಾಪಾಲಕ'. ಮೊದಲ ಶತಮಾನಗಳ ಕ್ರೈಸ್ತರು ಹೆಚ್ಚಾಗಿ ಮನೆಗಳಲ್ಲೇ ಸೇರುತ್ತಿದ್ದುದರಿಂದ ಕಟ್ಟಡಕ್ಕಿಂತ ಕೂಟವೇ ಹಿರಿದು ಎಂಬುದರಲ್ಲಿ ತಕರಾರಿಲ್ಲ. ತಕರಾರಿರುವುದು, ಯಾರ ಕೂಟ ಎಂಬಲ್ಲಿ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬುವಾ ಇಲ್ಲಿನ ಉಡುಗೆ ತೊಟ್ಟು, ಇಲ್ಲಿನವರಂತೆ ಬದುಕಿ, 'ದೊಡ್ಡಸ್ವಾಮಿ' ಎನಿಸಿಕೊಂಡಿದ್ದ. ಸಿಡುಬಿನ ಲಸಿಕೆ ಹಾಕಿಸಲು ಊರೂರಿಗೆ ಓಡಾಡಿದ. ಹಾಸನದ ಸಾತಳ್ಳಿಯಲ್ಲಿ ಬಡ ಕ್ರೈಸ್ತರಿಗೆ ಬೇಸಾಯದ ನೆಲೆ ಮಾಡಿಕೊಟ್ಟ. 1823ರಲ್ಲಿ ಭಾರತ ಬಿಟ್ಟವನು ಅದೇ ವರ್ಷ ಪ್ರಕಟಿಸಿದ ಪತ್ರಗಳಲ್ಲಿ, ಹಿಂದೂಗಳನ್ನು ಮತಾಂತರಿಸುವುದು ಆಗದ ಕೆಲಸ ಎಂದುಬಿಟ್ಟ. ಮತಪ್ರಚಾರಕನೇ ಹೀಗೆ ಹೇಳಿದ್ದು ಇಂಗ್ಲೆಂಡಿನಲ್ಲಿ ದೊಡ್ಡ ವಾದಕ್ಕೆ ಕಾರಣವಾಯಿತು. ಆದರೆ ಅವನ ಬಾಳಿನಲ್ಲಿ ಫಲ ಕೊಟ್ಟದ್ದು ಲಸಿಕೆ ಮತ್ತು ಬೇಸಾಯ ಎಂಬುದನ್ನು ಆ ವಾದದ ಗದ್ದಲದಲ್ಲಿ ಮರೆಯಬಾರದು.

1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರ ಕಥೆ ಇನ್ನೊಂದು ಬಗೆಯದು. ಕ್ರೈಸ್ತನಾದವನಿಗೆ ಜಾತಿಯ ಜೊತೆಗೆ ಕಸುಬೂ ಹೋಗುತ್ತಿತ್ತು. ಹೊಟ್ಟೆಗೇನು? ಹೀಗೆ ಮಗ್ಗ ಬಂತು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಬಂತು. ಸಭೆಯೇ ಯಜಮಾನನೂ ಆಯಿತು. ಅನ್ನ ಕೊಡುವ ಕೈಯೇ ಶಿಸ್ತನ್ನೂ ವಿಧಿಸಿದಾಗ ಭಕ್ತಿ ಯಾವುದು, ಅಧೀನತೆ ಯಾವುದು ಎಂದು ಬಿಡಿಸಿ ಹೇಳುವುದು ಕಷ್ಟ. ಮೊದಲ ಮಹಾಯುದ್ಧದ ತರುವಾಯ ಕಾರ್ಖಾನೆಗಳು ಮಿಷನ್ನಿನ ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟ್ ಪಾಲಾದವು. ಸಭೆ ಮಾತ್ರ ಉಳಿಯಿತು.

ಕಥೋಲಿಕರಲ್ಲಿ ಪ್ರಶ್ನೆ ಬೇರೆ ದಾರಿಯಿಂದ ಬಂತು. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆ, ಚರ್ಚು ಎಂದರೆ ಅಧಿಕಾರದ ಶ್ರೇಣಿಯಷ್ಟೇ ಅಲ್ಲ, ದೇವರ ಪ್ರಜೆ ಎಂದಿತು. ಲ್ಯಾಟಿನ್ನಿನ ಬದಲು ಜನರ ನುಡಿಯಲ್ಲಿ ಪೂಜೆಗೆ ಅವಕಾಶ ಕೊಟ್ಟಿತು. ಒಳ್ಳೆಯದೇ. ಆದರೆ ಬೆಂಗಳೂರಿನಲ್ಲಿ ಜನರ ನುಡಿ ಯಾವುದು? ದಂಡಿನ ಪ್ರದೇಶದಲ್ಲಿ ತಲೆಮಾರುಗಳಿಂದ ತಮಿಳು ಕಥೋಲಿಕರಿದ್ದರು. ಸುತ್ತಣ ಹಳ್ಳಿಗಳಲ್ಲಿ ಕನ್ನಡದವರು. ಲ್ಯಾಟಿನ್ ಯಾರ ಮನೆಮಾತೂ ಆಗಿರದ ಕಾರಣ ಜಗಳವಿರಲಿಲ್ಲ. ಅದು ಹೋದದ್ದೇ ತಡ, ನಾಡಿನ ಭಾಷೆಗೆ ಮೊದಲ ಸ್ಥಾನ ಬೇಕೆಂಬ ಬೇಡಿಕೆಯೂ ತಮ್ಮ ಮಾತಿನಲ್ಲಿ ಪ್ರಾರ್ಥಿಸುವ ಹಕ್ಕು ಬಿಡೆವೆಂಬ ಹಟವೂ ಎದುರಾಬದುರು ನಿಂತು ದಶಕಗಳ ಕಾಲ ಕಾದವು. ಎರಡರಲ್ಲೂ ನ್ಯಾಯವಿದ್ದುದೇ ತೊಡಕು.

ಅದೇ ಹೊತ್ತಿಗೆ, 1967ರಲ್ಲಿ, ಡಿ.ಎಸ್. ಅಮಲೋರ್‌ಪವದಾಸ್ ಬೆಂಗಳೂರಿನಲ್ಲಿ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಆರಾಧನಾ ಕೇಂದ್ರವನ್ನು ಕಟ್ಟಿದರು. ಪಾದರಕ್ಷೆ ಬಿಟ್ಟು ನೆಲದ ಮೇಲೆ ಕೂರುವುದು, ಕೈಮುಗಿಯುವುದು, ಆರತಿ ಎತ್ತುವುದು ಇತ್ಯಾದಿ 12 ಅಂಶಗಳಿಗೆ 1969ರಲ್ಲಿ ರೋಮ್ ಒಪ್ಪಿಗೆ ಕೊಟ್ಟಿತು. ಇದು ಹಿಂದೂಕರಣ ಎಂದು ಕೆಲವು ಕ್ರೈಸ್ತರು ಸಿಡಿದರೆ, ಇದು ಮರುಳು ಮಾಡುವ ಉಪಾಯ ಎಂದು ಕೆಲವು ಹಿಂದೂಗಳು ಶಂಕಿಸಿದರು. ಇವೆರಡಕ್ಕಿಂತ ಮೊನಚಾದ ಪ್ರಶ್ನೆ ಎತ್ತಿದವರು ದಲಿತ ಕ್ರೈಸ್ತ ಚಿಂತಕರು: ಚರ್ಚು ತೊಡಹೊರಟಿರುವ ಭಾರತೀಯ ವೇಷ ಯಾರದು? ವೇದ, ಆಶ್ರಮ, ಸಂಸ್ಕೃತ ಮಂತ್ರಗಳೇ ಭಾರತವಾದರೆ ತಮಟೆಯ ಭಾರತ ಎಲ್ಲಿ ಹೋಯಿತು? ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನಲ್ಲಿ ಅರವಿಂದ ಪಿ. ನಿರ್ಮಲ್ 1981ರಲ್ಲಿ ಮಾಡಿದ ಉಪನ್ಯಾಸದಿಂದ ದಲಿತ ದೇವಶಾಸ್ತ್ರದ ಚರ್ಚೆಗೆ ಚಾಲನೆ ದೊರಕಿತೆನ್ನುವುದುಂಟು.

ಇದು ಬರಿಯ ಪಂಡಿತರ ವಾದವಲ್ಲ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತನಾದ ದಲಿತನಿಗೆ ಪರಿಶಿಷ್ಟ ಜಾತಿಯ ಸ್ಥಾನವಿಲ್ಲ. ಕ್ರೈಸ್ತರಲ್ಲಿ ಜಾತಿಯಿಲ್ಲ ಎಂಬುದು ಅದರ ಹಿಂದಿನ ತರ್ಕ. ಆದರೆ ಹೆಣ್ಣು ಗಂಡು ಕೊಡುಕೊಳ್ಳುವಾಗ, ಕೆಲವೆಡೆ ಹೂಳುವ ನೆಲದಲ್ಲಿ ಕೂಡ, ಜಾತಿ ಹೊರಗೆ ನಿಂತಿಲ್ಲ. ಸರ್ಕಾರದ ಲೆಕ್ಕದಲ್ಲಿ ದಲಿತನಲ್ಲದವನು ಸಭೆಯ ಬೆಂಚಿನಲ್ಲಿ ದಲಿತನೇ ಆಗಿ ಉಳಿದರೆ, ಕರೆದು ಕೂಡಿಸಿದ ಕೂಟ ಎಂಬ ಮಾತಿಗೆ ಅರ್ಥವೇನು?

ಇಂದು ಬೆಂಗಳೂರಿನ ಎಷ್ಟೋ ಚರ್ಚುಗಳ ಬಾಗಿಲ ಬಳಿ ಒಂದು ಫಲಕವಿರುತ್ತದೆ: ಭಾನುವಾರ ಯಾವ ಹೊತ್ತಿಗೆ ಯಾವ ಭಾಷೆಯ ಪೂಜೆ ಎಂದು. ಒಂದೇ ಕಟ್ಟಡ, ಒಂದರ ಹಿಂದೊಂದು ಸಭೆ. ಕನ್ನಡದ ಪೂಜೆ ಮುಗಿಸಿ ಹೊರಬರುವವರು ತಮಿಳಿನ ಪೂಜೆಗೆ ಕಾದವರಿಗೆ ಅಂಗಳದಲ್ಲಿ ದಾರಿ ಬಿಡುತ್ತಾರೆ. ಇಬ್ಬರ ಮನೆಯ ಮಕ್ಕಳೂ ಎಷ್ಟೋ ಕಡೆ ಇಂಗ್ಲಿಷಿನ ಪೂಜೆಗೆ ಹೋಗಿರುತ್ತಾರೆ.