ನೋಡಿಕೊಳ್ಳುವವಳನ್ನು ನೋಡುವವರ್ಯಾರು?

ಮನೆಗೆ ಬಂದವರೆಲ್ಲ ‘ಅತ್ತೆ ಹೇಗಿದ್ದಾರೆ?’ ಅಂತ ಕೇಳ್ತಾರೆ. ‘ನೀನು ಹೇಗಿದ್ದೀಯಮ್ಮಾ?’ ಅಂತ ಯಾರಾದರೂ ಕೇಳಿದ್ದಾರಾ?

ಲಕ್ವ ಹೊಡೆದು ಹಾಸಿಗೆ ಹಿಡಿದವರನ್ನು ಸುಮಾರು 2 ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು, ಇಲ್ಲದಿದ್ದರೆ ಬೆನ್ನಲ್ಲಿ ಹುಣ್ಣಾಗುತ್ತದೆ. ಅಂದರೆ ರಾತ್ರಿಯೂ ನಿಮಗೆ ನಿದ್ದೆಯಿಲ್ಲ. ಒಮ್ಮೊಮ್ಮೆ ರೇಗುತ್ತೀರಿ, ಆಮೇಲೆ ಬಚ್ಚಲಲ್ಲಿ ನಿಂತು ಅಳುತ್ತೀರಿ. ‘ಇದೆಲ್ಲ ಮುಗಿದರೆ ಸಾಕಪ್ಪಾ’ ಅನ್ನಿಸುತ್ತದೆ, ಹಾಗನ್ನಿಸಿದ್ದಕ್ಕೇ ನಾಚಿಕೆಯಾಗುತ್ತದೆ. ನೀವು ಕೆಟ್ಟವರಲ್ಲ, ದಣಿದಿದ್ದೀರಿ ಅಷ್ಟೆ.

‘ಸ್ವಲ್ಪ ಸಹಾಯ ಮಾಡಿ’ ಅಂದರೆ ಯಾರ ಕಿವಿಗೂ ಬೀಳುವುದಿಲ್ಲ. ‘ಶನಿವಾರ ರಾತ್ರಿ ಅಮ್ಮನ ಹತ್ತಿರ ನೀವು ಮಲಗಿ’ ಅಂತ ಯಜಮಾನರಿಗೆ, ‘ಭಾನುವಾರ ಮಧ್ಯಾಹ್ನ ನೀನು ಬಂದು ಕೂತ್ಕೋ’ ಅಂತ ನಾದಿನಿಗೆ, ದಿನ, ಹೊತ್ತು ಗೊತ್ತುಮಾಡಿ ಹೇಳಿ. ಆ ಹೊತ್ತಿನಲ್ಲಿ ಬಾಕಿ ಕೆಲಸ ಹಚ್ಚಿಕೊಳ್ಳಬೇಡಿ. ಮಲಗಿ, ಇಲ್ಲವೇ ಗೆಳತಿಯ ಮನೆಗೆ ಹೋಗಿಬನ್ನಿ.

ಎರಡು ವಾರವಾದರೂ ಬೇಸರ ಹೋಗದಿದ್ದರೆ ಡಾಕ್ಟರಿಗೆ ಹೇಳಿ. ಬದುಕೇ ಬೇಡ ಅನ್ನಿಸಿದರಂತೂ ಒಂದು ದಿನವೂ ಕಾಯಬೇಡಿ. 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಯಾವಾಗ ಬೇಕಾದರೂ, ಕನ್ನಡದಲ್ಲೇ, ಉಚಿತವಾಗಿ ಮಾತಾಡಬಹುದು.

ಅತ್ತೆಗೆ ಗಂಜಿ ಕುಡಿಸಿದ್ದಾಯಿತು, ಮಾತ್ರೆ ಕೊಟ್ಟಿದ್ದಾಯಿತು. ನಿಮ್ಮ ಊಟ ಆಯ್ತಾ?